ನಾಲ್ಕು ತುಂಡು ಹೊಲ, ಒಂದು ಸರಾಸರಿ

ಧುಪದಾಳದ ಒಡ್ಡಿನಿಂದ ಘಟಪ್ರಭೆಯ ನೀರು ಕಾಲುವೆ ಹಿಡಿದು ಹೊಲಗಳಿಗೆ ಹರಿಯುತ್ತದೆ. ಈ ಸೀಮೆಯಲ್ಲಿ ಗೋವಿನಜೋಳದ ಸರಾಸರಿ ಇಳುವರಿ ಎಷ್ಟು? ಎಲ್ಲ ಹೊಲದ ಫಸಲನ್ನೂ ತೂಗಲಾಗದು.

ಅದಕ್ಕೇ ಬೆಳೆ ಕಟಾವು ಪ್ರಯೋಗ. ಬೆಳೆ ವಿಮೆಯ ನಿಯಮದಂತೆ ಗ್ರಾಮ ಪಂಚಾಯಿತಿಯಲ್ಲಿ ಮುಖ್ಯ ಬೆಳೆಯೊಂದಕ್ಕೆ ನಾಲ್ಕು ಕಡೆ, ಚೀಟಿ ಎತ್ತಿದಂತೆ ಆರಿಸಿದ ಜಾಗದಲ್ಲಿ, 10 ಮೀಟರ್ ಉದ್ದ, 5 ಮೀಟರ್ ಅಗಲ ಅಳೆದು, ಕೊಯ್ದು ತೂಗುತ್ತಾರೆ.

ಉದಾಹರಣೆಗೆ 24, 26, 28, 30 ಕಿಲೋ ಬಂತೆನ್ನಿ. ಸರಾಸರಿ 27. ಆದರೆ ಬೇರೆ ನಾಲ್ಕು ಹೊಲ ಸಿಕ್ಕಿದ್ದರೆ ಬೇರೆ ಸರಾಸರಿಯೇ ಬರುತ್ತಿತ್ತು. ಈ ಅಲುಗಾಟವನ್ನು ಅಳೆಯುವುದೇ ವಿಶ್ವಾಸಾಂತರ.

ತೂಕಗಳು ಎಷ್ಟು ಚದುರಿವೆ ಎಂದು ಹೇಳುವ ಮಾನಕ ವಿಚಲನೆ 2.58. ಅದನ್ನು ನಾಲ್ಕರ ವರ್ಗಮೂಲ 2ರಿಂದ ಭಾಗಿಸಿದರೆ 1.29. ಅದಕ್ಕೆ 3.18ರ ಗುಣಾಕಾರ: 4.1. 27ರ ಆಚೀಚೆ ಅಷ್ಟು, ಅಂದರೆ 22.9ರಿಂದ 31.1 ಕಿಲೋ: ಇದೇ ಶೇ 95ರ ವಿಶ್ವಾಸಾಂತರ.

3.18 ಎಲ್ಲಿಂದ ಬಂತು? ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯ ವಿಲಿಯಂ ಗೊಸೆಟ್ 1908ರಲ್ಲಿ ‘ಸ್ಟೂಡೆಂಟ್’ ಹೆಸರಿನಲ್ಲಿ ಪ್ರಕಟಿಸಿದ ಬರಹವೇ ಅದರ ಮೂಲ. ಮಾದರಿ ಚಿಕ್ಕದಿದ್ದಷ್ಟೂ ಈ ಗುಣಕ ದೊಡ್ಡದು.

ಇಲ್ಲೇ ಹಲವರು ಎಡವುತ್ತಾರೆ. ನೂರರಲ್ಲಿ 95 ಹೊಲಗಳ ಇಳುವರಿ ಈ ಅಂತರದೊಳಗಿದೆ ಎಂದು ಇದರ ಅರ್ಥವಲ್ಲ. ಇದೇ ಕ್ರಮದಲ್ಲಿ ನೂರು ಸಲ ಮಾದರಿ ತೆಗೆದು ನೂರು ಅಂತರ ಕಟ್ಟಿದರೆ, ಸುಮಾರು 95 ಅಂತರಗಳು ಊರಿನ ನಿಜವಾದ ಸರಾಸರಿಯನ್ನು ಹಿಡಿದಿರುತ್ತವೆ.

ರೈತನ ಪರಿಹಾರ ನಿಂತಿರುವುದು ಇಂಥ ಸರಾಸರಿಯ ಮೇಲೆ. ವಿಚಲನೆ ಅಷ್ಟೇ ಇದ್ದು, ನಾಲ್ಕರ ಬದಲು 16 ತುಂಡು ಕೊಯ್ದರೆ ಆಚೀಚಿನ 4.1 ಕಿಲೋ 1.4ಕ್ಕೆ ಇಳಿಯುತ್ತದೆ.