ಅಭ್ಯಾಸವಾಗದ ರಾತ್ರಿ

ಬೇಗೂರಿನ ರಾತ್ರಿ ಪಾಳಿಯವರ ದಣಿವಿಗೆ ಕಾರಣ ಬೆಂಗಳೂರಿನ ಇನ್ನೊಂದು ತುದಿಯ ನೊಣದ ಸೀಸೆಗಳಲ್ಲಿ ಸಿಗುತ್ತದೆ. ಜೀವಿಗಳ ಒಳಗಡಿಯಾರವನ್ನು ಅಭ್ಯಸಿಸುವ ಕಾಲಜೀವವಿಜ್ಞಾನಕ್ಕೆ ನಮ್ಮಲ್ಲಿ ನೆಲೆ ಒದಗಿಸಿದವರು ಎಂ.ಕೆ. ಚಂದ್ರಶೇಖರನ್.

ಬೆಳಗಿನ ಆರು ಗಂಟೆಗೆ ಬೇಗೂರು ಕೆರೆಯ ಏರಿಯ ಮೇಲೆ ವಾಕಿಂಗ್‌ನವರು ಬಿರುಸಾಗಿ ನಡೆಯುತ್ತಿರುತ್ತಾರೆ. ಅದೇ ಹೊತ್ತಿಗೆ ಎಲೆಕ್ಟ್ರಾನಿಕ್ ಸಿಟಿ ಕಡೆಯಿಂದ ಬರುವ ಕಂಪನಿ ಕ್ಯಾಬ್‌ಗಳು ತಿರುವು ತಿರುವಿನಲ್ಲಿ ಒಬ್ಬೊಬ್ಬರನ್ನೇ ಇಳಿಸಿ ಹೋಗುತ್ತವೆ. ಕೊರಳಲ್ಲಿ ಐಡಿ ಕಾರ್ಡು, ಕೆಂಪಗಾದ ಕಣ್ಣು, ಮುಖದ ಮೇಲೆ ಎಳೆಬಿಸಿಲು. ಹಗಲೆಲ್ಲ ನಿದ್ದೆ ಹತ್ತುವುದಿಲ್ಲ ಎಂದರೆ ಮನೆಯವರು, ಆಫೀಸಿನವರು ಎಲ್ಲರೂ ಹೇಳುವ ಸಮಾಧಾನ ಒಂದೇ: 'ಹೊಸದರಲ್ಲಿ ಹಾಗೇ, ಆಮೇಲೆ ಅಭ್ಯಾಸ ಆಗುತ್ತೆ.'

ಆಗುವುದಿಲ್ಲ. ಪ್ರೀತಿಯಿಂದ ಹೇಳಿದರೂ ಈ ಮಾತು ತಪ್ಪು. ಇದನ್ನು ನಂಬಿದವರು, ಒಗ್ಗಿಕೊಳ್ಳಲಾಗದ್ದು ತಮ್ಮದೇ ದೌರ್ಬಲ್ಯ ಎಂದು ಒಳಗೊಳಗೇ ಕೊರಗುತ್ತಾರೆ.

ಏಕೆ ಎಂದು ತಿಳಿಯಲು ನಗರದ ಇನ್ನೊಂದು ತುದಿಗೆ ಹೋಗಬೇಕು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಹಣ್ಣುನೊಣಗಳನ್ನು ಸಾಕುತ್ತಾರೆ. ಮಾಗಿದ ಬಾಳೆಹಣ್ಣಿನ ಸುತ್ತ ಗುಂಯ್‌ಗುಡುವ ಅವೇ ಸಣ್ಣ ನೊಣಗಳು. ಅವುಗಳ ಆಹಾರವೂ ಬಾಳೆಹಣ್ಣು, ಬೆಲ್ಲ, ಯೀಸ್ಟ್ ಹಾಕಿ ಬೇಯಿಸಿದ ಗಟ್ಟಿ ಪಾಕ. ಅಲ್ಲಿನ ಒಂದು ಗುಂಪಿನ ನೊಣಗಳು 600ಕ್ಕೂ ಹೆಚ್ಚು ತಲೆಮಾರು ಕತ್ತಲನ್ನೇ ಕಂಡಿರಲಿಲ್ಲ. ಹಗಲೂ ರಾತ್ರಿ ಒಂದೇ ಬೆಳಕು, ಒಂದೇ ಉಷ್ಣತೆ. ಗಡಿಯಾರ ಬೇಡವಾದ ಆ ಲೋಕದಲ್ಲಿ ಅವುಗಳ ಒಳಗಡಿಯಾರ ನಶಿಸಿರಬೇಕಲ್ಲವೇ? ಪರೀಕ್ಷೆಗಾಗಿ ಅವನ್ನು ಪೂರ್ತಿ ಕತ್ತಲಲ್ಲಿಟ್ಟರು. ನೊಣಗಳು ಕೋಶದಿಂದ ಹೊರಬರುವ ಕ್ರಿಯೆ ಸುಮಾರು 24 ಗಂಟೆಯ ಲಯಕ್ಕೆ ಸರಿಯಾಗಿ ನಡೆಯಿತು. 1999ರಲ್ಲಿ ಪ್ರಕಟವಾದ ಆ ಪ್ರಬಂಧದ ಲೇಖಕರು ಶೀಬಾ ವಾಸು, ವಿಜಯ್ ಕುಮಾರ್ ಶರ್ಮಾ, ಎಂ.ಕೆ. ಚಂದ್ರಶೇಖರನ್ ಮತ್ತು ಅಮಿತಾಭ್ ಜೋಶಿ.

ಮನುಷ್ಯರ ಲೆಕ್ಕದಲ್ಲಿ 600 ತಲೆಮಾರು ಎಂದರೆ ಹದಿನೈದು ಸಾವಿರ ವರ್ಷ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿರುವ, 'ಬೆಂಗಳೂರು' ಕಾಳಗವನ್ನು ಹೆಸರಿಸುವ ವೀರಗಲ್ಲು ಕ್ರಿ.ಶ. 890ರ ಸುಮಾರಿನದು. ಆ ಕಲ್ಲು ನಿಂತ ಮೇಲೆ ಈ ಊರಿನಲ್ಲಿ ಆಗಿಹೋಗಿರುವುದು ನಲವತ್ತೈದು ತಲೆಮಾರು ಮಾತ್ರ. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿ ದೀಪಗಳು ಬೆಳಗಿದ್ದು 1905ರಲ್ಲಿ. ಅದಕ್ಕೀಗ ಐದು ತಲೆಮಾರು. 600 ತಲೆಮಾರಿನ ಬೆಳಕು ಅಳಿಸಲಾಗದ ಗಡಿಯಾರವನ್ನು ಆರು ತಿಂಗಳ ಪ್ರೊಬೇಷನ್‌ನಲ್ಲಿ ತಿರುಗಿಸಿಕೊಳ್ಳಿ ಎಂದು ನಾವು ಇಪ್ಪತ್ತೆರಡರ ಹುಡುಗಿಗೆ ಹೇಳುತ್ತಿದ್ದೇವೆ.

ಏಡಿ, ಬಾವಲಿ, ಮನುಷ್ಯ

ಚಂದ್ರಶೇಖರನ್ ಅವರ ಕೆಲಸ ಶುರುವಾದದ್ದು ಮದ್ರಾಸಿನಲ್ಲಿ, ಅಲೆ ಬಡಿಯುವ ಮರಳಿನಲ್ಲಿ ಹುದುಗಿ ಬದುಕುವ ಸಣ್ಣ ಏಡಿಯಿಂದ. ಕಡಲಿನಿಂದ ತಂದು ಪ್ರಯೋಗಾಲಯದಲ್ಲಿ ಇಟ್ಟರೂ ಅದರ ಓಡಾಟ ಮತ್ತು ಉಸಿರಾಟ ಉಬ್ಬರವಿಳಿತದ ವೇಳೆಯನ್ನೇ ಅನುಸರಿಸುತ್ತಿತ್ತು. 1965ರಲ್ಲಿ ಆ ಸಂಶೋಧನೆ ಪ್ರಕಟವಾಯಿತು. ಮುಂದೆ ಅವರು ಜರ್ಮನಿಯ ಟ್ಯೂಬಿಂಗೆನ್‌ಗೆ ಹೋದರು. ಗಿಡಗಳಿಗೂ ಆನುವಂಶಿಕವಾದ ದಿನಲಯ ಇದೆ ಎಂದು ಹುರುಳಿಕಾಯಿ ಗಿಡದ ಎಲೆಗಳಿಂದ ತೋರಿಸಿದ್ದ ಎರ್ವಿನ್ ಬ್ಯೂನಿಂಗ್ ಅಲ್ಲಿದ್ದರು. ಯಾವ ಹೊತ್ತಿನ ಬೆಳಕು ನೊಣದ ಗಡಿಯಾರವನ್ನು ಎಷ್ಟು ಹಿಂದೆ ಮುಂದೆ ಸರಿಸುತ್ತದೆ ಎಂಬುದನ್ನು ಚಂದ್ರಶೇಖರನ್ ಬಿಡಿಸಿ ನೋಡಿದ್ದು ಆ ವರ್ಷಗಳಲ್ಲಿ.

ಭಾರತಕ್ಕೆ ಮರಳಿ ಮದುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿ ಅವರು ಕಟ್ಟಿದ ಶಾಲೆಯೇ ನಮ್ಮ ದೇಶದ ಕಾಲಜೀವವಿಜ್ಞಾನದ ತವರು. ಮದುರೈ ಸುತ್ತಿನ ಗುಹೆಗಳ ಬಾವಲಿಗಳ ಮೇಲಿನ ಅವರ ಕೆಲಸ ನನಗೆ ಎಲ್ಲಕ್ಕಿಂತ ಮಿಗಿಲೆನಿಸುತ್ತದೆ. ಬೆಳಕೇ ಹೊಗದ ಗುಹೆಯ ಒಳಭಾಗದಲ್ಲಿ ಒಂದು ಬಾವಲಿಯನ್ನು ಪಂಜರದಲ್ಲಿಟ್ಟರು. ಸುತ್ತಲಿನ ಸ್ವತಂತ್ರ ಬಾವಲಿಗಳು ಸಂಜೆ ಹಾರಿಹೋಗಿ ನಸುಕಿನಲ್ಲಿ ಮರಳುತ್ತಿದ್ದವು. ಸೂರ್ಯನನ್ನೇ ಕಾಣದಿದ್ದರೂ ಸೆರೆಯ ಬಾವಲಿ ಸಂಜೆಗೆ ಸರಿಯಾಗಿ ರೆಕ್ಕೆ ಬಡಿಯುತ್ತಿತ್ತು. ಬಳಗವಿಲ್ಲದ ಗುಹೆಯಲ್ಲಿ ಒಂಟಿಯಾಗಿಟ್ಟ ಬಾವಲಿಯ ಲಯ ಮಾತ್ರ ದಿನದಿಂದ ದಿನಕ್ಕೆ ಹೊರಗಿನ ಹೊತ್ತಿನಿಂದ ಜಾರುತ್ತಾ ಹೋಯಿತು. ಬಳಗದ ಒಡನಾಟವೂ ಗಡಿಯಾರಕ್ಕೆ ಕೀಲಿ ಕೊಡಬಲ್ಲದು ಎಂದು ಮಾರಿಮುತ್ತು, ರಾಜನ್ ಮತ್ತು ಚಂದ್ರಶೇಖರನ್ 1981ರಲ್ಲಿ ಬರೆದರು. ಊರೆಲ್ಲ ಎದ್ದಿರುವಾಗ ಮಲಗುವವರ, ಮನೆಯವರ ಜೊತೆ ಕೂತು ಒಂದು ತುತ್ತು ಉಣ್ಣಲಾಗದವರ ಕಷ್ಟಕ್ಕೆ ಈ ಪ್ರಬಂಧ ಎಷ್ಟು ಹತ್ತಿರದ್ದು!

ಮನುಷ್ಯರನ್ನೂ ಅವರು ಹೀಗೆ ಗಮನಿಸಿದರು. ಹೊತ್ತು ತಿಳಿಯದಂತೆ ಕಟ್ಟಿದ ಕೋಣೆಯಲ್ಲಿ ಸ್ವಯಂಸೇವಕರು ದಿನಗಟ್ಟಲೆ ಒಂಟಿಯಾಗಿ ಇರುತ್ತಿದ್ದರು. ಕೆಲವರಲ್ಲಿ ನಿದ್ದೆ–ಎಚ್ಚರದ ಲಯವೇ ಒಂದು ದಾರಿ, ಮೈಬಿಸಿಯ ಲಯವೇ ಇನ್ನೊಂದು ದಾರಿ ಹಿಡಿಯಿತು. ಹಗಲಲ್ಲಿ ಮಲಗಲು ಒದ್ದಾಡುವವರ ದೇಹದಲ್ಲೂ ನಡೆಯುವುದು ಇಂಥದೇ ಒಡಕು.

ಚಂದ್ರಶೇಖರನ್ ಜಕ್ಕೂರಿಗೆ ಬಂದದ್ದು ಆಮೇಲೆ. ಇಲ್ಲಿ ಅವರ ಜೊತೆ ಕೆಲಸ ಮಾಡಿದ ಶೀಬಾ ವಾಸು ಅಮೆರಿಕಕ್ಕೆ ಹೋಗಿ, ನೊಣದ ಮೆದುಳಿನ ಕೆಲವೇ ದೊಡ್ಡ ಗಡಿಯಾರ ನರಕೋಶಗಳು ಎಚ್ಚರವನ್ನೂ ನಿದ್ದೆಯನ್ನೂ ಹತೋಟಿಯಲ್ಲಿಡುತ್ತವೆ ಎಂದು 2008ರಲ್ಲಿ ತೋರಿಸಿದರು. ಬಳಿಕ ಜಕ್ಕೂರಿಗೇ ಮರಳಿ ಪ್ರಯೋಗಾಲಯ ನಡೆಸಿದರು. ಹಂಟಿಂಗ್ಟನ್ ಕಾಯಿಲೆಯ ಪ್ರೋಟೀನನ್ನು ಗಡಿಯಾರ ನರಕೋಶಗಳಲ್ಲಿ ಹೊತ್ತ ನೊಣಗಳಿಗೆ ಲಯ ತಪ್ಪುತ್ತದೆ. ಎಚ್‌ಎಸ್‌ಪಿ40 ಎಂಬ ರಕ್ಷಕ ಪ್ರೋಟೀನ್ ಹೆಚ್ಚಿಸಿದರೆ ಆ ಕುಸಿತ ತಡವಾಗುತ್ತದೆ ಎಂದು ಅವರ ತಂಡ 2022ರಲ್ಲಿ ವರದಿ ಮಾಡಿತು. ಗಡಿಯಾರದ ವಂಶವಾಹಿಗಳ ಗುಟ್ಟು ಬಿಡಿಸಿದ ಹಾಲ್, ರಾಸ್‌ಬ್ಯಾಶ್, ಯಂಗ್ ಅವರಿಗೆ 2017ರ ನೊಬೆಲ್ ಬಂದದ್ದೂ ಇದೇ ನೊಣದಿಂದ.

ಆರು ಗಂಟೆಯ ಬಿಸಿಲು

ನಮ್ಮ ಮುಖ್ಯ ಗಡಿಯಾರ ಮೆದುಳಿನ ಬುಡದಲ್ಲಿದೆ. ಕಣ್ಣಿನ ನರಗಳು ಒಂದನ್ನೊಂದು ಹಾಯುವ ಜಾಗದ ತುಸು ಮೇಲೆ, ಸುಮಾರು 20,000 ನರಕೋಶಗಳ ಜೋಡಿ ಗುಂಪು. ಅದರ ಸುತ್ತು 24 ಗಂಟೆಗಿಂತ ಸ್ವಲ್ಪ ಹೆಚ್ಚು. ಆದ್ದರಿಂದ ದಿನಾ ಬೆಳಕು ಅದನ್ನು ತಿದ್ದಬೇಕು. ಮುಂಜಾವದಲ್ಲಿ ಮೈಬಿಸಿ ಅತಿ ಕಡಿಮೆಯಾಗುತ್ತದೆ. ಅದಾದ ಮೇಲೆ ಬೀಳುವ ಬೆಳಕು ಗಡಿಯಾರವನ್ನು ಮುಂದಕ್ಕೆ ತಳ್ಳುತ್ತದೆ, 'ಬೆಳಗಾಯಿತು' ಎಂದು ಖಾತರಿ ಮಾಡುತ್ತದೆ. ಕ್ಯಾಬ್ ಇಳಿದು ಮನೆಗೆ ನಡೆಯುವ ಹತ್ತು ನಿಮಿಷ ಮುಖಕ್ಕೆ ಬೀಳುವುದು ಅದೇ ಬೆಳಕು. ರಾತ್ರಿಯಿಡೀ ದುಡಿದ ದೇಹವನ್ನು ಅದು ಮತ್ತೆ ಹಗಲಿಗೇ ಎಳೆದು ಕಟ್ಟುತ್ತದೆ. ವಾರದ ರಜೆಯಲ್ಲಿ ಮದುವೆ, ನಾಮಕರಣ ಎಂದು ಹಗಲು ಓಡಾಡಿದರೆ ಉಳಿದದ್ದೂ ಹೋಯಿತು. ವರ್ಷಗಟ್ಟಲೆ ರಾತ್ರಿ ದುಡಿದವರಲ್ಲೂ ಗಡಿಯಾರ ಪೂರ್ತಿ ತಿರುಗುವುದು ಬಹಳ ಅಪರೂಪ.

ಇದರ ಬೆಲೆ ನಿದ್ದೆಗೇ ಮುಗಿಯುವುದಿಲ್ಲ. ದೀರ್ಘಕಾಲದ ರಾತ್ರಿ ಪಾಳಿಗೂ ಮಧುಮೇಹ, ಹೃದ್ರೋಗಗಳಿಗೂ ನಂಟಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2007ರಲ್ಲಿ ಇದನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಗುಂಪಿಗೆ ಸೇರಿಸಿತು, 2019ರಲ್ಲೂ ಆ ತೀರ್ಮಾನ ಬದಲಿಸಲಿಲ್ಲ.

ಮಾಡಬಹುದಾದದ್ದು ಕೆಲವಿದೆ. 2021ರಲ್ಲಿ ಬಾಸ್ಟನ್ನಿನ ಸಂಶೋಧಕರು 19 ಮಂದಿಯನ್ನು ರಾತ್ರಿ ಪಾಳಿಯಂಥ ವೇಳಾಪಟ್ಟಿಯಲ್ಲಿಟ್ಟು ನೋಡಿದರು. ರಾತ್ರಿ ಉಂಡವರ ರಕ್ತದ ಸಕ್ಕರೆ ಸರಾಸರಿ ಶೇ 6.4ರಷ್ಟು ಏರಿತು, ಊಟವನ್ನು ಹಗಲಿಗೇ ಇಟ್ಟುಕೊಂಡವರಲ್ಲಿ ಏರಲಿಲ್ಲ. ಹಾಗಾಗಿ ನಡುರಾತ್ರಿಯ ಕ್ಯಾಂಟೀನ್ ಬಿರಿಯಾನಿಗಿಂತ ಮನೆಯಿಂದ ಹೊರಡುವ ಮುನ್ನ ಮುದ್ದೆ ಉಂಡು ಹೋಗುವುದು ಮೇಲು. ಮನೆಗೆ ಬರುವಾಗ ಕಪ್ಪು ಕನ್ನಡಕ, ಕೋಣೆಗೆ ದಪ್ಪ ಪರದೆ, ಮಧ್ಯಾಹ್ನದವರೆಗೆ ಯಾರೂ ಒತ್ತದ ಕರೆಗಂಟೆ. ಮನೆಯವರು ಈ ಹಗಲು ನಿದ್ದೆಯನ್ನು ಕಾಯಿಲೆಯವರ ಕೋಣೆಯಷ್ಟೇ ಗಂಭೀರವಾಗಿ ಕಾಯಬೇಕು.

ಉಳಿದದ್ದು ಹೊಸೂರು ರಸ್ತೆಯ ಕಾರ್ಖಾನೆ, ಆಫೀಸುಗಳಲ್ಲಿ ಪಾಳಿ ಪಟ್ಟಿ ಬರೆಯುವವರ ಕೈಯಲ್ಲಿದೆ. ಗಡಿಯಾರದ ಸುತ್ತು 24 ಗಂಟೆಗಿಂತ ಉದ್ದವಾದ್ದರಿಂದ ಪಾಳಿಯನ್ನು ಬೇಗನೆಯ ಹೊತ್ತಿಗೆ ಎಳೆಯುವುದಕ್ಕಿಂತ ತಡವಾದ ಹೊತ್ತಿಗೆ ಸರಿಸುವುದು ದೇಹಕ್ಕೆ ಹಗುರ: ಬೆಳಗಿನ ಪಾಳಿಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ. ಎರಡು ಪಾಳಿಗಳ ನಡುವೆ ಪೂರ್ತಿ ನಿದ್ದೆಗೆ ಸಾಲುವಷ್ಟು ಬಿಡುವೂ ಬೇಕು. ಪಟ್ಟಿಯ ಕ್ರಮ ಬದಲಿಸಲು ಕಂಪನಿಗೆ ಹೊಸ ಯಂತ್ರವೂ ಬೇಡ, ಹೆಚ್ಚಿನ ಖರ್ಚೂ ಇಲ್ಲ.