ಹಿತ್ತಾಳೆ ಹೆಕ್ಕುವವರ ಲೆಕ್ಕ

ಅಮೆರಿಕದ ಕೊಲರಾಡೊದಲ್ಲಿ ಹೊಸದಾಗಿ ರೈಫಲ್ ಕೊಂಡ ಕನ್ನಡದ ಹುಡುಗರು ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಅಕ್ಕಾ, ತೋಟಾ ನಾವೇ ತುಂಬಿಕೊಂಡರೆ ಅರ್ಧಕ್ಕರ್ಧ ದುಡ್ಡು ಉಳಿಯುತ್ತಂತಲ್ಲ, ಹೌದಾ?" ನಾನು ತಿರುಗಿ ಕೇಳುತ್ತೇನೆ: "ವರ್ಷಕ್ಕೆ ಎಷ್ಟು ಹೊಡೀತೀಯ? ಯಾವ ಕ್ಯಾಲಿಬರ್?" ಇವೆರಡು ತಿಳಿಯದೆ ಉಳಿತಾಯದ ಮಾತಾಡುವುದು ವ್ಯರ್ಥ. ನಾನು ಲೆಕ್ಕಪತ್ರ ನೋಡಿ ಬದುಕುವವಳು, ಹುಟ್ಟಿದ್ದು ಕೊಡಗಿನಲ್ಲಿ. ಅಜ್ಜ ಕೇಪಿನ ಕೋವಿಯ ನಳಿಗೆಯ ಬಾಯಿಂದ ಮದ್ದು, ನಾರು, ಚರೆ ಹಾಕಿ ಗಜದಿಂದ ಗಿಡಿಯುವುದನ್ನು ನೋಡುತ್ತಲೇ ಬೆಳೆದೆ. ಒಂದು ಈಡಿಗೆ ಏನೇನು ಬೇಕೆಂದು ಅಲ್ಲೇ ಗೊತ್ತಾಗಿತ್ತು. ಅದಕ್ಕೆ ಎಷ್ಟು ಖರ್ಚೆಂದು ತಿಳಿದದ್ದು ಇಲ್ಲಿ.

ರೈಫಲ್ ತೋಟಾದಲ್ಲಿ ನಾಲ್ಕು ಭಾಗ: ಹಿತ್ತಾಳೆಯ ಕೇಸು, ಅದರ ಬುಡದಲ್ಲಿ ಕಿಡಿ ಹುಟ್ಟಿಸುವ ಪ್ರೈಮರ್, ಒಳಗೆ ಮದ್ದು, ತುದಿಯಲ್ಲಿ ಗುಂಡು. ಕುದುರೆ ಎಳೆದರೆ ಮೂರು ಮುಗಿದವು. ಕೇಸು ಮಾತ್ರ ಹಬೆಯಾಡುತ್ತ ಕಾಲಬುಡದಲ್ಲಿ ಬೀಳುತ್ತದೆ. ಒಳ್ಳೆಯ ಹೊಸ ಕೇಸಿಗೆ ಸುಮಾರು 1 ಡಾಲರ್. ಅಂಗಡಿಯ ತೋಟಾ ಕೊಂಡವನು ಆ ದುಡ್ಡನ್ನು ಆಗಲೇ ಕೊಟ್ಟಿರುತ್ತಾನೆ. ಈಡಿನ ಒತ್ತಡಕ್ಕೆ ಉಬ್ಬಿದ ಕೇಸನ್ನು ಅಚ್ಚಿನಲ್ಲಿ ಒತ್ತಿ ಹಳೆಯ ಅಳತೆಗೆ ತಂದು, ಉದ್ದವಾದ ಕುತ್ತಿಗೆ ಕತ್ತರಿಸಿ, ಮತ್ತೆ ತುಂಬಬಹುದು. ಹೊಟ್ಟೆಯಲ್ಲೋ ಕುತ್ತಿಗೆಯಲ್ಲೋ ಬಿರುಕು ಕಾಣುವ ತನಕ ಅದು ದುಡಿಯುತ್ತದೆ. ಹೊಡೆತದ ಸಾಲು ಮುಗಿದ ಮೇಲೆ ಬಗ್ಗಿ ಹಿತ್ತಾಳೆ ಹೆಕ್ಕುವವರನ್ನು ಜಿಪುಣರೆನ್ನಬೇಡಿ. ಈ ಕಸುಬಿನ ಲಾಭವೆಲ್ಲ ಅಲ್ಲೇ ಬಿದ್ದಿರುತ್ತದೆ.

ನನ್ನ .308 ವಿಂಚೆಸ್ಟರನ್ನೇ ತೆಗೆದುಕೊಳ್ಳಿ. ಗುರಿಸ್ಪರ್ಧೆಗೆಂದು ಮಾಡಿದ ಅಂಗಡಿಯ ತೋಟಾ 20ರ ಡಬ್ಬಿಗೆ 40 ಡಾಲರ್, ಅಂದರೆ ಒಂದಕ್ಕೆ 2 ಡಾಲರ್. ಮನೆಯಲ್ಲಿ ತುಂಬಿದರೆ ಒಳ್ಳೆಯ ಗುಂಡಿಗೆ 50 ಸೆಂಟ್, ಪ್ರೈಮರಿಗೆ 8 ಸೆಂಟ್. ಮದ್ದನ್ನು ತೂಗುವುದು ಗ್ರೇನ್ ಲೆಕ್ಕದಲ್ಲಿ. ಒಂದು ಪೌಂಡಿಗೆ 7000 ಗ್ರೇನ್. ಒಂದು ತೋಟಾಕ್ಕೆ ನಲವತ್ತು ಚಿಲ್ಲರೆ ಗ್ರೇನ್ ಹಿಡಿದರೆ 50 ಡಾಲರಿನ ಪೌಂಡಿನಲ್ಲಿ ನೂರಾ ಅರವತ್ತರ ಆಸುಪಾಸು ತೋಟಾ. ಒಂದಕ್ಕೆ 30 ಸೆಂಟ್. ಎಂಟು ಸಲ ಬಳಸುವ ಕೇಸಿನ ಪಾಲು 12 ಸೆಂಟ್. ಒಟ್ಟು 1 ಡಾಲರ್. ಹುಡುಗರು ಹೇಳುವ ಅರ್ಧಕ್ಕರ್ಧ ಇಲ್ಲಿ ನಿಜ. ಪ್ರೆಸ್, ಅಚ್ಚು, ತಕ್ಕಡಿ, ಕೇಸು ಕತ್ತರಿಸುವ ಸಾಧನ ಎಲ್ಲ ಸೇರಿ 500 ಡಾಲರಾದರೆ, ಐನೂರು ತೋಟಾ ತುಂಬಿದ ಮೇಲೆ ಬಂಡವಾಳ ಕೈಗೆ ಬರುತ್ತದೆ.

ಹೊತ್ತಿನ ಲೆಕ್ಕವನ್ನೂ ಹಾಕಬೇಕು. ಒಂದೊಂದಾಗಿ ಒತ್ತುವ ಪ್ರೆಸ್ಸಿನಲ್ಲಿ ನೂರು ತೋಟಾ ತಯಾರಾಗಲು, ಕೇಸು ತೊಳೆಯುವುದೂ ಸೇರಿ, ಮೂರು ನಾಲ್ಕು ಗಂಟೆ ಹಿಡಿಯುತ್ತದೆ. ಉಳಿದದ್ದು 100 ಡಾಲರ್. ಗಂಟೆಗೆ ಕಡಿಮೆಯೆಂದರೂ 25 ಡಾಲರ್ ಬಿದ್ದಂತೆ. ಅದೇ ಶ್ರಮವನ್ನು .223ಕ್ಕೆ ಹಾಕಿದರೆ? ಸಗಟಿನಲ್ಲಿ ಅದು ಅಂಗಡಿಯಲ್ಲೇ 50, 55 ಸೆಂಟಿಗೆ ಸಿಗುತ್ತದೆ. ಮನೆಯಲ್ಲಿ ತುಂಬಿದರೂ 40 ಸೆಂಟ್ ಆಗೇ ಆಗುತ್ತದೆ. ನೂರಕ್ಕೆ ಉಳಿಯುವುದು ಹೆಚ್ಚೆಂದರೆ 15 ಡಾಲರ್, ಗಂಟೆಗೆ ನಾಲ್ಕೋ ಐದೋ. ಡಬ್ಬಿ ಕೊಂಡುಬಿಡಿ ಎನ್ನುತ್ತೇನೆ.

ಬೇಟೆಯವರಿಗೂ ಅದನ್ನೇ ಹೇಳುತ್ತೇನೆ. ಎಲ್ಕ್ ಜಿಂಕೆಯ ಬೇಟೆಗೆ ವರ್ಷಕ್ಕೊಮ್ಮೆ ಹೋಗಿ, ಗುರಿ ಸರಿಮಾಡಿಕೊಳ್ಳುವುದೂ ಸೇರಿ ಒಂದು ಡಬ್ಬಿ ಮುಗಿಸುವವನಿಗೆ ಆ ಐನೂರು ತೋಟಾ ತಲುಪಲು ಇಪ್ಪತ್ತೈದು ವರ್ಷ ಬೇಕು.

"ತೋಟಾಕ್ಕೆ ಬರ ಬಂದಾಗ ನಾವು ಯಾರ ಹಂಗಿನಲ್ಲೂ ಇರುವುದಿಲ್ಲ" ಎಂಬ ಮಾತನ್ನೂ ಕೇಳುತ್ತೇನೆ. 2020ರಿಂದ ಮುಂದಿನ ಒಂದೆರಡು ವರ್ಷ ನಾನು ಕಂಡದ್ದು ಬೇರೆಯೇ. ಕೊರೊನಾ ಕಾಲದಲ್ಲಿ ಲಕ್ಷಗಟ್ಟಲೆ ಜನ ಹೊಸದಾಗಿ ಬಂದೂಕು ಕೊಂಡರು. ಕಾರ್ಖಾನೆಗಳಿಗೆ ತಮ್ಮ ತೋಟಾಕ್ಕೇ ಪ್ರೈಮರ್ ಸಾಲದಾಯಿತು. ಬಿಡಿಯಾಗಿ ಮಾರಲು ಉಳಿಯಲಿಲ್ಲ. ಮೂರು ನಾಲ್ಕು ಸೆಂಟಿನ ಪ್ರೈಮರ್ 10 ಸೆಂಟ್ ದಾಟಿತು, ಖಾಸಗಿಯಾಗಿ ಮಾರುವವರ ಬಳಿ ಇನ್ನೂ ಮೇಲೇರಿತು. ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕದ ಆ ಬಿಲ್ಲೆಯನ್ನು ಮನೆಯಲ್ಲಿ ಮಾಡಲಾಗದು, ಮಾಡಲೂ ಬಾರದು. ಅಮೆರಿಕದಲ್ಲಿ ಅದರ ದೊಡ್ಡ ಹೆಸರುಗಳು ನಾಲ್ಕು: ಸಿಸಿಐ, ಫೆಡರಲ್, ರೆಮಿಂಗ್ಟನ್, ವಿಂಚೆಸ್ಟರ್. ರೆಮಿಂಗ್ಟನ್ 2020ರಲ್ಲಿ ದಿವಾಳಿಯಾದಾಗ ಅದರ ತೋಟಾ ವ್ಯವಹಾರವನ್ನು ಕೊಂಡದ್ದು ಸಿಸಿಐ, ಫೆಡರಲ್‌ಗಳ ಆಗಿನ ಒಡೆಯರಾದ ವಿಸ್ಟಾ ಕಂಪನಿ. ನಾಲ್ಕು ಹೆಸರಿಗೆ ಇಬ್ಬರೇ ಯಜಮಾನರಾದರು. ನನ್ನ ಮೇಜಿನ ಮೇಲೆ ಮದ್ದು, ಗುಂಡು, ಹೊಳೆಯುವ ಹಿತ್ತಾಳೆ ಎಲ್ಲ ಇದ್ದೂ ಕೈಕಟ್ಟಿ ಕೂರಬೇಕಾಯಿತು. ಹಾಗಾಗಿ ಪ್ರೈಮರ್ ಮತ್ತು ಮದ್ದನ್ನು ಅಗ್ಗವಿದ್ದಾಗಲೇ ನಾಲ್ಕೈದು ಸ್ನೇಹಿತರು ಸೇರಿ ತರಿಸಬೇಕು. ಸ್ಫೋಟಕ ಸಾಗಣೆಯ ಶುಲ್ಕ ಪ್ರತಿ ಪಾರ್ಸಲಿಗೂ ಬೀಳುತ್ತದೆ. ಒಂದೇ ಪೌಂಡ್ ತರಿಸಿದರೆ ಉಳಿತಾಯದ ಒಂದು ಪಾಲನ್ನು ಅದೇ ನುಂಗಿಬಿಡುತ್ತದೆ.

ಹಣದ ಆಚೆಗೂ ಒಂದು ಕಾರಣವಿದೆ, ನನ್ನನ್ನು ಮೇಜಿಗೆ ಎಳೆಯುವುದು ಅದೇ. ಪ್ರತಿ ರೈಫಲ್‌ಗೂ ಒಗ್ಗುವ ಗುಂಡು, ಒಗ್ಗುವ ಮದ್ದು ಬೇರೆ. ಗುಂಡನ್ನು ಕೇಸಿನೊಳಗೆ ಎಷ್ಟು ಆಳಕ್ಕೆ ಕೂರಿಸಬೇಕೆಂಬುದನ್ನು ನನ್ನ ನಳಿಗೆಗೆ ಹೊಂದಿಸಿ ನಾನೇ ತೀರ್ಮಾನಿಸಬಹುದು. ಒಂದರಿಂದೊಂದಕ್ಕೆ ವೇಗ ಬದಲಾಗದಿದ್ದರೆ 600 ಗಜದಾಚೆಯ ಹಲಗೆಯಲ್ಲಿ ತೂತುಗಳು ಒತ್ತಾಗಿ ಬೀಳುತ್ತವೆ. ಅಂಗಡಿಯ ಡಬ್ಬಿಯಲ್ಲಿ ಆ ಸುಖ ನನಗೆ ಸಿಕ್ಕಿಲ್ಲ.

ಹಳೆಯ ರೈಫಲ್ ಇದ್ದವರಿಗಂತೂ ಬೇರೆ ದಾರಿ ಕಡಿಮೆ. ಬೆಂಗಳೂರಿನ ಕೆನೆತ್ ಆಂಡರ್ಸನ್ ನರಭಕ್ಷಕಗಳ ಬೆನ್ನುಹತ್ತಿದ್ದು .405 ವಿಂಚೆಸ್ಟರ್ ಹಿಡಿದು. ತೇಜಸ್ವಿಯವರ ಮೂಲಕ ಆ ಕಾಡಿನ ಕತೆಗಳನ್ನು ಓದಿದವರಿಗೆ ಆತ ಗೊತ್ತು. ಆ ತೋಟಾ ಇಂದು ಇಲ್ಲಿಯೂ ಅಪರೂಪ, ಸಿಕ್ಕರೂ ಒಂದಕ್ಕೆ 3 ಡಾಲರಿಗಿಂತ ಹೆಚ್ಚು. ಇಂಥದಕ್ಕೆ ಪ್ರೆಸ್ ಕೊಳ್ಳಲು ಯೋಚಿಸಬೇಕಾಗಿಲ್ಲ.

ಕೊಳ್ಳುವವರು ಯಂತ್ರಕ್ಕೆ ಮುಂಚೆ ಹಾರ್ನಡಿ ಅಥವಾ ಲೈಮನ್ ಕಂಪನಿಯ ಕೈಪಿಡಿ ತಂದು ಓದಿ. ಅದರಲ್ಲಿ ಕೊಟ್ಟ ಅಳತೆ ಮೀರಬೇಡಿ; ಮೇಜಿನ ಮೇಲೆ ಒಮ್ಮೆಗೆ ಒಂದೇ ಮದ್ದಿನ ಡಬ್ಬಿ ಇರಲಿ. ತಪ್ಪಾದ ಮದ್ದು ಬಿದ್ದರೆ ರೈಫಲ್ ಸಿಡಿದು ಕಣ್ಣು, ಬೆರಳು ಹೋಗುತ್ತವೆ. ಊರಿನಲ್ಲಿ ಇದನ್ನು ಓದುವವರಿಗೆ ಇನ್ನೊಂದು ಮಾತು: ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ಅಪರಾಧ. ಮೇಲಿನ ಲೆಕ್ಕ ಅಲ್ಲಿಗೆ ಅನ್ವಯಿಸುವುದಿಲ್ಲ.