ಪಲ್ಲೇಡಿಯಂ ಹೊಟ್ಟೆಯಲ್ಲಿ ಎಷ್ಟು ಬೆಂಕಿ?

1989ರ ಮಾರ್ಚ್ 23ರಂದು ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ರಸಾಯನವಿಜ್ಞಾನಿಗಳಾದ ಮಾರ್ಟಿನ್ ಫ್ಲೈಶ್‌ಮನ್ ಮತ್ತು ಸ್ಟ್ಯಾನ್ಲಿ ಪಾನ್ಸ್ ಪತ್ರಿಕಾಗೋಷ್ಠಿ ಕರೆದರು. ಭಾರಜಲದಲ್ಲಿ ಪಲ್ಲೇಡಿಯಂ ಸರಳು ಅದ್ದಿ ವಿದ್ಯುತ್ ಹರಿಸಿದರೆ ಕೊಟ್ಟದ್ದಕ್ಕಿಂತ ಹೆಚ್ಚು ಶಾಖ ಬರುತ್ತದೆ, ಗಾಜಿನ ಪಾತ್ರೆಯಲ್ಲೇ ಬೈಜಿಕ ಸಮ್ಮಿಲನ ನಡೆಯುತ್ತಿದೆ ಎಂದರು. ವಾರಗಟ್ಟಲೆ ಕರೆಂಟು ಕುಡಿದ ಲೋಹ ಅದನ್ನೇ ಕೂಡಿಟ್ಟು ಆಮೇಲೆ ಕಕ್ಕುತ್ತಿರಬಾರದೇಕೆ ಎಂಬ ಅನುಮಾನ ಆಗಿನಿಂದಲೂ ಇದೆ.

ಅನುಮಾನಕ್ಕೆ ಆಧಾರವೂ ಇದೆ. ಪಲ್ಲೇಡಿಯಂ ತನ್ನ ಗಾತ್ರದ ಸುಮಾರು 900 ಪಟ್ಟು ಹೈಡ್ರೋಜನ್ ಹೀರಬಲ್ಲದು. ಅದರ ಭಾರದ ರೂಪವಾದ, ಭಾರಜಲದಲ್ಲಿರುವ ಡ್ಯೂಟೀರಿಯಂ ಅನ್ನೂ ಹಾಗೆಯೇ ನುಂಗುತ್ತದೆ. ಆದರೆ ಹೀರುವಾಗ ಬಿಸಿಯಾಗುವ ಲೋಹ, ಅನಿಲ ಬಿಡುವಾಗ ತಣ್ಣಗಾಗಬೇಕು. ಬರೀ ಸೋರಿಕೆಯಿಂದ ಶಾಖ ಸಿಗದು. ಹೊರಬಂದ ಡ್ಯೂಟೀರಿಯಂ ಆಮ್ಲಜನಕದೊಡನೆ ಸೇರಿ ಉರಿಯಬೇಕು. ಪಲ್ಲೇಡಿಯಂ ಸ್ವತಃ ವೇಗವರ್ಧಕವಾದ್ದರಿಂದ ಇದಕ್ಕೆ ಕಿಡಿಯೂ ಬೇಕಿಲ್ಲ.

ಎಷ್ಟು ಉರಿದೀತು? ಒಂದು ಘನ ಸೆಂಟಿಮೀಟರ್ ಪಲ್ಲೇಡಿಯಂ ಎಂದರೆ 12 ಗ್ರಾಂ. ಪ್ರತಿ ಪರಮಾಣುವಿಗೂ ಒಂದೊಂದು ಡ್ಯೂಟೀರಿಯಂ ಪರಮಾಣು ಸೇರಿದೆ ಎಂದು ಧಾರಾಳವಾಗಿ ಲೆಕ್ಕ ಹಾಕಿದರೂ ಸಿಗುವುದು ಸುಮಾರು 17 ಕಿಲೋಜೂಲ್. ಬೈಟು ಕಾಫಿಯಲ್ಲಿ ಒಬ್ಬರ ಪಾಲಿನಷ್ಟು ನೀರು ಕುದಿಯಲು ಅಷ್ಟು ಸಾಕು. ಯೂಟಾದವರು ಹೇಳಿಕೊಂಡದ್ದು 120 ಗಂಟೆಗಳಲ್ಲಿ ಘನ ಸೆಂಟಿಮೀಟರಿಗೆ 40 ಲಕ್ಷ ಜೂಲ್‌ಗೂ ಮಿಗಿಲು, ಅಂದರೆ ಇನ್ನೂರು ಪಟ್ಟಿಗೂ ಹೆಚ್ಚು! ಆ ಅಂಕಿ ನಿಜವಾಗಿದ್ದರೆ ದಾಸ್ತಾನಿನ ವಾದ ನಿಲ್ಲುವುದಿಲ್ಲ. ಆಗೊಮ್ಮೆ ಈಗೊಮ್ಮೆ ಚಿಮ್ಮುವ ಅಲ್ಪಕಾಲದ ಶಾಖಕ್ಕಷ್ಟೇ ಅದು ಉತ್ತರವಾದೀತು.

ನನ್ನ ಸಂಶಯ ಆ ಅಂಕಿಯ ಮೇಲೆಯೇ. ಘನ ಸೆಂಟಿಮೀಟರಿಗೆ 10 ವ್ಯಾಟ್ ಹೆಚ್ಚುವರಿ ಎಂದು ಹಿಡಿದು ಐದು ದಿನ ಕೂಡುತ್ತಾ ಹೋದರೆ ಅಷ್ಟಾಗುತ್ತದೆ. ವ್ಯಾಟ್ ಲೆಕ್ಕ ತಪ್ಪಿದ್ದರೆ ತಪ್ಪೂ ಐದು ದಿನ ಬೆಳೆಯುತ್ತದೆ. ಅವರ ಪಾತ್ರೆ ತೆರೆದದ್ದು. ನೀರನ್ನು ಒಡೆದ ಶಕ್ತಿ ಅನಿಲಗಳ ಜೊತೆ ಹೊರಹೋಯಿತೆಂದು ಪ್ರತಿ ಆಂಪಿಯರಿಗೆ 1.54 ವ್ಯಾಟ್ ಕಳೆಯುತ್ತಿದ್ದರು. ಅನಿಲಗಳು ಒಳಗೇ ಮರಳಿ ನೀರಾದರೆ ಆ ಶಾಖ ಪುಕ್ಕಟೆ ಬಂದಂತೆ ಕಾಣುತ್ತದೆ. ದ್ರಾವಣ ಸರಿಯಾಗಿ ಕಲಕದಿದ್ದರೆ ಪಾತ್ರೆಯಲ್ಲಿ ಒಂದೊಂದು ಕಡೆ ಒಂದೊಂದು ತಾಪವಿದ್ದು ಅಳತೆ ತಪ್ಪಬಹುದು ಎಂಬುದನ್ನು ಕ್ಯಾಲ್‌ಟೆಕ್‌ನ ನೇಥನ್ ಲೂಯಿಸ್ ತಂಡ ಆಗಲೇ ಎತ್ತಿ ತೋರಿಸಿತ್ತು. ನ್ಯೂಟ್ರಾನ್‌ಗಳ ಮಾತು ಬೇರೆ: ಡ್ಯೂಟೀರಿಯಂ ಸಮ್ಮಿಲನದಿಂದ ಒಂದೇ ವ್ಯಾಟ್ ಬಂದಿದ್ದರೂ ಸೆಕೆಂಡಿಗೆ ಸುಮಾರು ಲಕ್ಷ ಕೋಟಿ ನ್ಯೂಟ್ರಾನ್ ಚಿಮ್ಮಬೇಕಿತ್ತು. ಪಕ್ಕದಲ್ಲಿ ನಿಂತವರು ಉಳಿಯುತ್ತಿರಲಿಲ್ಲ.

ಗೂಗಲ್ ಹಣ ಕೊಟ್ಟ ತಂಡವೊಂದು ಇಂಥ ಪ್ರಯೋಗಗಳನ್ನು ಮತ್ತೆ ಕೆದಕಿತು. ಸಮ್ಮಿಲನದ ಸುಳಿವು ಸಿಗಲಿಲ್ಲ ಎಂದು 2019ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆಯಿತು. ಲೋಹದೊಳಗೆ ಅಷ್ಟೊಂದು ಡ್ಯೂಟೀರಿಯಂ ತುಂಬಿ ನಿಲ್ಲಿಸುವುದೇ ಬಹಳ ಕಷ್ಟ ಎಂದೂ ಸೇರಿಸಿತು.